ಎರವಲು, ಬಾಡಿಗೆ, ಊರೊಟ್ಟು

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ 16 ಕಿಲೋಮೀಟರು ಮುಂದೆ ಬೇಲೂರಿಗೂ ಹೋಗತಕ್ಕ ಪಯಣಿಗನು ರಾಗಿ ತೆಂಗುಗಳ ಬಯಲುಸೀಮೆಯನ್ನು ಹಿಂದಿಟ್ಟು, ಕಾಫಿ ಮೆಣಸುಗಳ ಮಲೆನಾಡಿನ ಸೆರಗನ್ನು ಅರೆದಿನದೊಳಗೇ ಮುಟ್ಟಿಬಿಡುತ್ತಾನೆ. ಮಣ್ಣಿನ ಬಣ್ಣ, ಮಳೆಯ ಪ್ರಮಾಣ, ಮನೆಯ ಮಾಡಿನ ಇಳಿಜಾರು ಇವೆಲ್ಲವೂ ದಾರಿಯುದ್ದಕ್ಕೂ ಬದಲಾಗುತ್ತ ಹೋದರೂ, ಆ ಮನೆಗಳ ಒಳಹೊಕ್ಕು ನೋಡಿದವನಿಗೆ ಬದಲಾಗದ ಸಂಗತಿಯೊಂದು ಕಾಣುತ್ತದೆ. ವರ್ಷದಲ್ಲಿ ನಾಲ್ಕಾರು ದಿನ ಮಾತ್ರ ಕೈಗೆ ಬಂದು, ಉಳಿದ ದಿನಗಳೆಲ್ಲ ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ತುಕ್ಕು ಹಿಡಿಯುತ್ತ ಬಿದ್ದಿರುವ ಪದಾರ್ಥಗಳು ಎಲ್ಲ ಮನೆಗಳಲ್ಲಿಯೂ ಉಂಟು. ಅವುಗಳನ್ನು ಕೊಳ್ಳಲು ಮಾಡಿದ ಸಾಲ ತೀರುವುದಕ್ಕೆ ಮುಂಚೆಯೇ ಅವು ಕೆಟ್ಟು ನಿಂತಿರುವುದೂ ಉಂಟು. ಈ ಪದಾರ್ಥಗಳಲ್ಲಿ ಯಾವುವನ್ನು ಸ್ವಂತಕ್ಕೆ ಕೊಳ್ಳಬೇಕು, ಯಾವುವನ್ನು ಬಾಡಿಗೆಗೆ ತರಬಹುದು, ಯಾವುವನ್ನು ನೆರೆಹೊರೆಯವರು ಕೂಡಿ ಇಟ್ಟುಕೊಳ್ಳಬಹುದು, ಹಾಗೆ ಮಾಡುವಾಗ ಮನಸ್ತಾಪಕ್ಕೆ ಎಡೆಗೊಡದೆ ನಡೆದುಕೊಳ್ಳುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಸ್ತಾರವಾಗಿ ವಿಚಾರ ಮಾಡಬೇಕೆಂದಿದ್ದೇನೆ.

ಸ್ವಂತದ್ದಲ್ಲದ ವಸ್ತುವನ್ನು ಬಳಸುವುದು ಮರ್ಯಾದೆಗೆ ಕಡಮೆಯೆಂಬ ಭಾವನೆ ಹಲವರಲ್ಲಿ ಬೇರೂರಿದೆ. ಆದರೆ ರಾಗಿಯ ಹಿಟ್ಟಿನ ವಿಷಯದಲ್ಲಿ ಈ ಭಾವನೆ ಏಕೆ ತಲೆಯೆತ್ತುವುದಿಲ್ಲವೆಂಬುದನ್ನು ಯೋಚಿಸಿ ನೋಡಬೇಕು. ಒಂದಾನೊಂದು ಕಾಲದಲ್ಲಿ ಮನೆಗೊಂದು ಬೀಸುವ ಕಲ್ಲು ಇದ್ದೇ ಇರುತ್ತಿತ್ತು. ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಅದನ್ನು ತಿರುಗಿಸುತ್ತಿದ್ದರು. ಈಗ ಆ ಕಲ್ಲು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಡೆ ಬಿದ್ದಿದೆ. ರಾಗಿಯನ್ನು ಚೀಲಕ್ಕೆ ತುಂಬಿ ಮಿಲ್ಲಿಗೆ ಕೊಂಡೊಯ್ದು, ಸರದಿಯಲ್ಲಿಟ್ಟು, ಕಿಲೋವಿಗೆ ಇಷ್ಟೆಂದು ಹಣ ಕೊಟ್ಟು ಬೀಸಿಸಿಕೊಂಡು ಬರುತ್ತೇವೆ. ತನಗೊಂದು ಸ್ವಂತ ಮಿಲ್ಲಿಲ್ಲವಲ್ಲಾ ಎಂದು ಕೊರಗಿದ ಗೃಹಸ್ಥನನ್ನು ನಾನಂತೂ ಕಂಡಿಲ್ಲ. ಬಾಡಿಗೆಯ ತತ್ತ್ವವನ್ನು ನಾವು ಒಪ್ಪಿ ಎಷ್ಟೋ ಕಾಲವಾಗಿದೆ; ಅದನ್ನು ಇನ್ನಷ್ಟು ಪದಾರ್ಥಗಳಿಗೆ ವಿಸ್ತರಿಸುವ ವಿವೇಕ ಮಾತ್ರ ಉಳಿದಿದೆ.

ಈ ವಿವೇಕಕ್ಕೆ ಮೊದಲು ಬೇಕಾದುದು ಲೆಕ್ಕ. ವಸ್ತುವಿನ ಬೆಲೆಯೆಷ್ಟೆಂದು ಕೇಳುವುದು ಎಲ್ಲರಿಗೂ ಅಭ್ಯಾಸ. ಅದು ಬಾಳುವಷ್ಟು ಕಾಲದಲ್ಲಿ ಎಷ್ಟು ದಿನ ಕೆಲಸಕ್ಕೆ ಬರುತ್ತದೆಂದು ಕೇಳಿಕೊಳ್ಳುವವರು ವಿರಳ. 12,000 ರೂಪಾಯಿಯ ಕಳೆ ಕತ್ತರಿಸುವ ಯಂತ್ರವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಆರು ವರ್ಷ ಬಾಳುತ್ತದೆ, ಸಣ್ಣ ಹಿಡುವಳಿಯವನಿಗೆ ವರ್ಷಕ್ಕೆ ಐದು ದಿನ ಬೇಕಾಗುತ್ತದೆ, ರಿಪೇರಿಗೆ ವರ್ಷಕ್ಕೆ ಸಾವಿರ ರೂಪಾಯಿ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಒಟ್ಟು 18,000 ರೂಪಾಯಿ ಖರ್ಚು ಮಾಡಿ ಮೂವತ್ತು ದಿನ ಬಳಸಿದಂತಾಯಿತು. ದಿನವೊಂದಕ್ಕೆ 600 ರೂಪಾಯಿ ಬಿತ್ತು. ಅದೇ ಯಂತ್ರವನ್ನು ಐದು ಮನೆಯವರು ಕೂಡಿ ಕೊಂಡರೆ ಸವೆತ ಹೆಚ್ಚಾಗಿ ಅದು ನಾಲ್ಕೇ ವರ್ಷ ಬಾಳೀತು, ರಿಪೇರಿಯೂ ಇಮ್ಮಡಿಯಾದೀತು. ಹಾಗಿದ್ದರೂ ಒಟ್ಟು 20,000 ರೂಪಾಯಿಗೆ ನೂರು ದಿನದ ಕೆಲಸ ಸಿಕ್ಕಿ, ದಿನಕ್ಕೆ 200 ರೂಪಾಯಿಯಷ್ಟೇ ಆಗುತ್ತದೆ. ಹೊರಗೆ ಅದೇ ಯಂತ್ರಕ್ಕೆ ದಿನಬಾಡಿಗೆ 300 ರೂಪಾಯಿಯಾದರೆ, ಒಂಟಿಯಾಗಿ ಕೊಳ್ಳುವುದಕ್ಕಿಂತ ಬಾಡಿಗೆಯೇ ಲೇಸು, ಬಾಡಿಗೆಗಿಂತ ಕೂಡುಕೊಳ್ಳುವಿಕೆ ಲೇಸು ಎಂಬುದು ಸಿದ್ಧವಾಯಿತು. ಅಂಕಿಗಳನ್ನು ಓದುಗರು ತಮ್ಮ ಊರಿನ ದರಕ್ಕೆ ತಕ್ಕಂತೆ ಬದಲಿಸಿಕೊಳ್ಳಲಿ. ಲೆಕ್ಕದ ಕ್ರಮ ಮಾತ್ರ ಇದೇ.

ಆದರೆ ಹಣದ ಲೆಕ್ಕವೊಂದರಿಂದಲೇ ನಿರ್ಣಯಕ್ಕೆ ಬರುವುದು ಅಪಾಯ. ಎಲ್ಲರಿಗೂ ಒಂದೇ ದಿನ ಬೇಕಾಗುವ ವಸ್ತುವನ್ನು ಹಂಚಿಕೊಳ್ಳುವುದು ಕಷ್ಟ. ರಾಗಿಯ ಕೊಯ್ಲು ಮುಗಿದು, ಮೋಡ ಸರಿದು ನಾಲ್ಕು ದಿನ ಬಿಸಿಲು ಬಿದ್ದಿತೆಂದರೆ ಅರಸೀಕೆರೆಯ ಸುತ್ತಣ ಹಳ್ಳಿಗಳವರಿಗೆಲ್ಲ ಒಕ್ಕಣೆಯ ಯಂತ್ರ ಅಂದೇ ಬೇಕು. ಲಗ್ನದ ಮುಹೂರ್ತಗಳೂ ಹಾಗೆಯೇ: ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಶಾಮಿಯಾನದವರ ಕುರ್ಚಿ ಪಾತ್ರೆಗಳು ಗೋದಾಮಿನಲ್ಲಿ ಮಲಗಿರುತ್ತವೆ, ವೈಶಾಖದ ಒಳ್ಳೆಯ ದಿನವೊಂದರಲ್ಲಿ ಹತ್ತು ಊರಿನವರು ಅವಕ್ಕಾಗಿ ಮುಗಿಬೀಳುತ್ತಾರೆ. ಇಂಥ ಪದಾರ್ಥಗಳನ್ನು ಬಾಡಿಗೆಗೆ ಗೊತ್ತುಮಾಡುವವನು ದಿನ ನಿಶ್ಚಯವಾದ ಕೂಡಲೇ ಮುಂಗಡ ಕೊಟ್ಟು ಚೀಟಿ ಬರೆಸಿಕೊಳ್ಳಬೇಕು. ಇದಕ್ಕೆ ಪ್ರತಿಯಾಗಿ ಏಣಿ, ಗೋಡೆಗೆ ರಂಧ್ರ ಕೊರೆಯುವ ಡ್ರಿಲ್ಲಿಂಗ್ ಯಂತ್ರ, ತೂಕದ ಯಂತ್ರ, ಮಗುವಿನ ತೊಟ್ಟಿಲು, ಕಾಲು ಮುರಿದವರ ಊರುಗೋಲು ಇವುಗಳಿಗೆ ಋತುವಿಲ್ಲ. ಇಂದು ಒಬ್ಬನಿಗೆ ಬೇಕಾದರೆ ನಾಳೆ ಮತ್ತೊಬ್ಬನಿಗೆ ಬೇಕು. ಹಂಚಿಕೊಳ್ಳುವುದನ್ನು ಹೊಸದಾಗಿ ಆರಂಭಿಸುವವರು ಈ ಎರಡನೆಯ ಬಗೆಯ ಪದಾರ್ಥಗಳಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ನಮ್ಮ ಸೀಮೆಗೆ ಈ ವಿದ್ಯೆ ಹೊಸದೇನೂ ಅಲ್ಲ. ಊರದೇವರ ಗುಡಿಯ ಪಕ್ಕದ ಕೋಣೆಯ ಬಾಗಿಲು ತೆರೆದು ನೋಡಿದರೆ, ಅನೇಕ ಹಳ್ಳಿಗಳಲ್ಲಿ ಇಂದಿಗೂ ಊರೊಟ್ಟಿನ ಪಾತ್ರೆಗಳು ಸಾಲಾಗಿ ಕವುಚಿಟ್ಟಿರುವುದು ಕಾಣುತ್ತದೆ: ಕೊಪ್ಪರಿಗೆ, ಹಂಡೆ, ಕಡಾಯಿ, ಅನ್ನ ಬಸಿಯುವ ಬುಟ್ಟಿ, ಮಾರುದ್ದದ ಸೌಟು, ಮುದ್ದೆ ತೊಳಸುವ ಕೋಲು. ಪಾತ್ರೆಯೊಂದನ್ನು ಎತ್ತಿ ಅದರ ಕಂಠದ ಬಳಿ ಬೆರಳಾಡಿಸಿದರೆ, ಉಳಿಯ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು ಕೈಗೆ ತಾಗುತ್ತವೆ. ದೇವರ ಹೆಸರು, ಊರಿನ ಹೆಸರು, ಮಗಳ ಮದುವೆಯ ನೆನಪಿಗೋ ತಂದೆಯ ಪುಣ್ಯತಿಥಿಗೋ ಆ ಪಾತ್ರೆಯನ್ನು ಕೊಟ್ಟವರ ಹೆಸರು, ಕೆಲವೊಮ್ಮೆ ಇಸವಿಯೂ ಅಲ್ಲಿರುತ್ತದೆ. ಮೇಲುನೋಟಕ್ಕೆ ದಾನಿಯ ಕೀರ್ತಿಗಾಗಿ ಮಾಡಿದಂತೆ ತೋರುವ ಈ ಬರಹ ಬಹು ಪ್ರಯೋಜನಕಾರಿಯಾದುದು. ಹತ್ತು ಮನೆಯ ಪಾತ್ರೆಗಳು ಬೆರೆತುಹೋದ ಮದುವೆಯ ಅಡಿಗೆಮನೆಯಲ್ಲಿ ಗುಡಿಯ ಪಾತ್ರೆ ಯಾವುದೆಂಬ ಸಂಶಯಕ್ಕೆ ಅದು ಅವಕಾಶ ಕೊಡುವುದಿಲ್ಲ. ಕದ್ದು ಮಾರಲು ಹೊರಟವನ ಕೈಯನ್ನು ಅದು ಹಿಡಿಯುತ್ತದೆ. ಕೂಡಿ ಕೊಂಡ ಯಾವ ವಸ್ತುವಿಗೇ ಆಗಲಿ, ಬಣ್ಣದಲ್ಲಿಯೋ ಉಳಿಯಲ್ಲಿಯೋ ಗುರುತು ಹಾಕದೆ ಹೊರಗೆ ಬಿಡಬಾರದೆಂಬ ಪಾಠ ಈ ಚುಕ್ಕೆಗಳಲ್ಲಿದೆ. ಇಂಥ ತಾಮ್ರದ, ಹಿತ್ತಾಳೆಯ ಪಾತ್ರೆಗಳನ್ನು ತರುವವರು ಒಳಭಾಗದ ಕಲಾಯಿಯನ್ನು ಹಗಲು ಬೆಳಕಿನಲ್ಲಿ ನೋಡಿ ತರಬೇಕು. ಕಲಾಯಿ ಹೋಗಿ ಕೆಂಪು ಕಾಣುವ ಪಾತ್ರೆಯಲ್ಲಿ ಹುಣಸೆಯ ಸಾರು ಕುದಿಸಿದರೆ ತಾಮ್ರ ಅಡಿಗೆಗಿಳಿದು ಉಂಡವರಿಗೆ ವಾಂತಿಯಾಗುತ್ತದೆ.

ಹೊಲದ ಕೆಲಸದಲ್ಲಿ ಮುಯ್ಯಾಳಿನ ಪದ್ಧತಿ ಇತ್ತು, ಅಲ್ಲಲ್ಲಿ ಈಗಲೂ ಇದೆ. ಇಂದು ನನ್ನ ಹೊಲಕ್ಕೆ ನಿಮ್ಮ ಮನೆಯಿಂದ ಇಬ್ಬರು ಬಂದರೆ ನಾಳಿದ್ದು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು ಬರತಕ್ಕದ್ದು. ಎತ್ತುಗಳು, ನೇಗಿಲು, ಕಣದ ರೋಣಗಲ್ಲು ಇವೂ ಹೀಗೆಯೇ ಸರದಿಯ ಮೇಲೆ ತಿರುಗುತ್ತಿದ್ದವು. ಒಂಟೆತ್ತಿನ ಇಬ್ಬರು ರೈತರು ಜೋಡಿಯಾಗಿ ಎರಡು ಹೊಲವನ್ನೂ ಉತ್ತುಕೊಳ್ಳುತ್ತಿದ್ದುದು ಸಾಮಾನ್ಯ ದೃಶ್ಯವಾಗಿತ್ತು. ಎಲ್ಲರಿಗೂ ಏಕಕಾಲದಲ್ಲಿ ಬೇಕಾಗುವ ವಸ್ತುವನ್ನು ಹಂಚಿಕೊಳ್ಳುವುದು ಕಷ್ಟವೆಂದು ಮೇಲೆ ಹೇಳಿದೆನಷ್ಟೆ. ಆ ಕಷ್ಟಕ್ಕೆ ಹಿರಿಯರು ಕಂಡುಕೊಂಡ ಪರಿಹಾರವೇ ಸರದಿ. ಯಾರ ಬೆಳೆ ಮೊದಲು ಹಣ್ಣಾಯಿತೋ ಅವರದು ಮೊದಲು. ಒಂದೇ ದಿನ ಹಣ್ಣಾದರೆ ಕಳೆದ ವರ್ಷ ಕಡೆಯವನಾಗಿದ್ದವನಿಗೆ ಈ ವರ್ಷ ಮುಂಚಿನ ಪಾಳಿ.

ವಿನೋದಕ್ಕೂ ಬಾಡಿಗೆಯೇ ಆಧಾರವಾಗಿತ್ತೆಂಬುದನ್ನು ಈ ಭಾಗದ ಹಳ್ಳಿಯ ಪೌರಾಣಿಕ ನಾಟಕಗಳನ್ನು ನೋಡಿದವರೆಲ್ಲ ಬಲ್ಲರು. ಕುರುಕ್ಷೇತ್ರದ ಕಥೆಯನ್ನು ಆಡಲು ಹೊರಟ ಊರಿನ ಹುಡುಗರು ಕಿರೀಟ, ಗದೆ, ಮಖಮಲ್ಲಿನ ಉಡುಪು, ಅರಮನೆಯ ಪರದೆ, ಹಾರ್ಮೋನಿಯಂ ಇವುಗಳನ್ನು ಪಟ್ಟಣದ ಡ್ರಾಮಾ ಸೀನರಿಯವರಿಂದ ಒಂದು ರಾತ್ರಿಯ ಮಟ್ಟಿಗೆ ತರಿಸುತ್ತಾರೆ. ಅದೇ ಕಿರೀಟ ಮರುದಿನ ಮತ್ತೊಂದು ಊರಿನ ದುರ್ಯೋಧನನ ತಲೆಗೇರುತ್ತದೆ. ಸೈಕಲ್ ಷಾಪುಗಳೂ ಹಾಗೆಯೇ ಇದ್ದವು. ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಸೈಕಲ್ಲನ್ನು ಗಂಟೆಯ ಲೆಕ್ಕದಲ್ಲಿ ಕೊಡುವಾಗ ಅಂಗಡಿಯವನು ಹೆಸರಿನ ಜತೆಗೆ ತಂದೆಯ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅದೇ ಅವನಿಗೆ ಜಾಮೀನು. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಸೈಕಲ್ ವ್ಯವಸ್ಥೆ ಆ ಪುಸ್ತಕದ ಸ್ಥಾನದಲ್ಲಿ ಕಾರ್ಡನ್ನೂ ಯಂತ್ರವನ್ನೂ ಇಟ್ಟಿತು, ಮೂಲಕ್ರಮ ಒಂದೇ.

ಈ ಎಲ್ಲ ಪದ್ಧತಿಗಳಲ್ಲಿ ಸಮಾನವಾದುದು ಯಾವುದೆಂದು ಹುಡುಕಿದರೆ, ಪ್ರತಿಯೊಂದಕ್ಕೂ ಒಬ್ಬ ಪಾಲಕನಿದ್ದನೆಂಬುದು ತಿಳಿಯುತ್ತದೆ. ಪಾತ್ರೆಯ ಕೋಣೆಯ ಬೀಗದ ಕೈ ಪೂಜಾರಿಯದೋ ಯಜಮಾನನದೋ ಸೊಂಟದಲ್ಲಿರುತ್ತಿತ್ತು. ನಮ್ಮ ಸೀಮೆಯ ಅತ್ಯಂತ ದೊಡ್ಡ ಊರೊಟ್ಟಿನ ಆಸ್ತಿಯಾದ ಕೆರೆಗೆ ನೀರಗಂಟಿಯಿದ್ದ. ಹಳೇಬೀಡಿಗೆ ದೋರಸಮುದ್ರವೆಂಬ ಹಳೆಯ ಹೆಸರು ಬಂದುದು ಅಲ್ಲಿನ ಕೆರೆಯಿಂದ. ಅರಸೀಕೆರೆಯ ಹೆಸರಿನಲ್ಲಂತೂ ಕೆರೆ ಇದ್ದೇ ಇದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದರೆ ಕೆರೆಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖಗಳು ಎದುರಾಗುತ್ತವೆ. ಕೆರೆಯ ಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಮೀಸಲಾಗಿಡುವ ಬಿತ್ತುವಟ್ಟ ಎಂಬ ಏರ್ಪಾಟು ಕನ್ನಡ ನಾಡಿನಲ್ಲಿ ಬಹುಕಾಲ ನಡೆಯಿತು. ಕೆರೆ ಕಟ್ಟಿಸಿದವನು ಅದನ್ನು ರಿಪೇರಿ ಮಾಡುವವನ ಅನ್ನಕ್ಕೂ ಅದೇ ಕೈಯಲ್ಲಿ ದಾರಿ ಮಾಡಿಟ್ಟಿದ್ದನೆಂದು ಇದರ ತಾತ್ಪರ್ಯ. ನೀರಗಂಟಿ ತೂಬನ್ನು ತೆರೆದು, ಗದ್ದೆಯಿಂದ ಗದ್ದೆಗೆ ಪಾಳಿಯ ಮೇಲೆ ನೀರು ಹಾಯಿಸಿ, ಸುಗ್ಗಿಯಲ್ಲಿ ಪ್ರತಿ ಗದ್ದೆಯವನಿಂದಲೂ ಇಷ್ಟು ಧಾನ್ಯವೆಂದು ಪಡೆಯುತ್ತಿದ್ದ. ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳನ್ನೂ ಸ್ವಿಟ್ಸರ್ಲೆಂಡಿನ ಪರ್ವತಗ್ರಾಮಗಳ ಹುಲ್ಲುಗಾವಲುಗಳನ್ನೂ ಪರಿಶೀಲಿಸಿ 1990ರಲ್ಲಿ ಬರೆದ ಗ್ರಂಥದಲ್ಲಿ ಕಂಡುಕೊಂಡುದೂ ಬಹುಮಟ್ಟಿಗೆ ಇದನ್ನೇ: ಬಳಸುವವರು ಯಾರೆಂಬುದು ಸ್ಪಷ್ಟವಾಗಿರಬೇಕು, ನಿಯಮಗಳನ್ನು ಬಳಸುವವರೇ ಮಾಡಿಕೊಂಡಿರಬೇಕು, ನೋಡಿಕೊಳ್ಳುವವನೊಬ್ಬನಿರಬೇಕು, ತಪ್ಪಿದವನಿಗೆ ಮೊದಲು ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು. ಆಕೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಪಾಲಕನಿಲ್ಲದ ಊರೊಟ್ಟಿನ ವಸ್ತು ಉಳಿಯುವುದಿಲ್ಲ. ಪಾಲಕನಿಗೆ ಪ್ರತಿಫಲವಿಲ್ಲದಿದ್ದರೆ ಪಾಲಕನೂ ಉಳಿಯುವುದಿಲ್ಲ. ಹಂಚಿಕೆಯ ಏರ್ಪಾಟುಗಳು ಮುರಿದುಬಿದ್ದಾಗ ಜನರ ಸ್ವಾರ್ಥವನ್ನು ದೂಷಿಸುವುದು ವಾಡಿಕೆಯಾಗಿದೆ. ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಸ್ವಾರ್ಥದಲ್ಲಲ್ಲ, ಪಾಲಕನನ್ನು ನೇಮಿಸದ ಅಲಕ್ಷ್ಯದಲ್ಲಿ.

ಇಂದಿನ ರೈತನಿಗೆ ಹತ್ತಿರದ ಬಾಡಿಗೆಯ ಏರ್ಪಾಟೆಂದರೆ ಕೃಷಿ ಯಂತ್ರಧಾರೆ. ಕರ್ನಾಟಕ ಸರ್ಕಾರ 2014-15ರ ಸಾಲಿನಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಹೋಬಳಿಯ ಮಟ್ಟದಲ್ಲಿ ಯಂತ್ರಗಳ ಬಾಡಿಗೆ ಕೇಂದ್ರಗಳನ್ನು ತೆರೆದು, ನಡೆಸುವ ಹೊಣೆಯನ್ನು ಸಂಸ್ಥೆಗಳಿಗೆ ವಹಿಸಲಾಯಿತು. ಅವುಗಳಲ್ಲಿ ಹಲವನ್ನು ನಡೆಸಿದುದು 1982ರಲ್ಲಿ ಸ್ಥಾಪಿತವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಟ್ರ್ಯಾಕ್ಟರು, ಟಿಲ್ಲರು, ರೋಟವೇಟರು, ಬಿತ್ತನೆಯ ಕೂರಿಗೆ, ಒಕ್ಕಣೆಯ ಯಂತ್ರ ಮುಂತಾದುವು ಇಲ್ಲಿ ಬಾಡಿಗೆಗೆ ದೊರೆಯುತ್ತವೆ. ಅರಸೀಕೆರೆ ತಾಲ್ಲೂಕಿನ ಕಸಬಾ, ಬಾಣಾವರ, ಜಾವಗಲ್, ಗಂಡಸಿ, ಕಣಕಟ್ಟೆ ಹೋಬಳಿಗಳವರೂ, ಬೇಲೂರು ತಾಲ್ಲೂಕಿನ ಕಸಬಾ, ಹಳೇಬೀಡು, ಮಾದಿಹಳ್ಳಿ, ಅರೇಹಳ್ಳಿ, ಬಿಕ್ಕೋಡು ಹೋಬಳಿಗಳವರೂ ತಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಹತ್ತಿರದ ಬಾಡಿಗೆ ಕೇಂದ್ರ ಎಲ್ಲಿದೆ, ಯಾವ ಯಂತ್ರಕ್ಕೆ ಈ ಹಂಗಾಮಿನ ದರವೆಷ್ಟು ಎಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಉತ್ತಮ. ಕೆಲಸದ ದಿನ ಬಂದ ಮೇಲೆ ವಿಚಾರಿಸುವವನಿಗೆ ಸಿಕ್ಕ ದರವೇ ದರ.

ಸರ್ಕಾರದ ಕೇಂದ್ರದಿಂದಲೇ ಆಗಲಿ, ಊರಿನ ಟ್ರ್ಯಾಕ್ಟರಿನವನಿಂದಲೇ ಆಗಲಿ, ಯಂತ್ರವನ್ನು ಗೊತ್ತುಮಾಡುವಾಗ ನಾಲ್ಕು ಮಾತುಗಳನ್ನು ಬಾಯಿಬಿಟ್ಟು ಕೇಳಬೇಕು. ಗಂಟೆಯ ಲೆಕ್ಕವೋ ಎಕರೆಯ ಲೆಕ್ಕವೋ? ಗಂಟೆಯ ಲೆಕ್ಕವಾದರೆ ಎಣಿಕೆ ಶೆಡ್ಡಿನಿಂದಲೋ, ಹೊಲದಲ್ಲಿ ಕೆಲಸ ಹಿಡಿದ ಕ್ಷಣದಿಂದಲೋ? ಡೀಸೆಲ್ಲು ಯಾರದು? ಚಾಲಕನ ಊಟ, ಭತ್ಯೆ ಬಾಡಿಗೆಯಲ್ಲಿಯೇ ಸೇರಿದೆಯೋ ಬೇರೆಯೋ? ಚಾಲಕ ಹೊಲಕ್ಕಿಳಿದ ಕೂಡಲೇ ಗಂಟೆಯ ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ, ಮೊಬೈಲಿನಲ್ಲಿ ಅದರ ಚಿತ್ರವೊಂದನ್ನು ತೆಗೆದಿಟ್ಟರೆ ಸಂಜೆಯ ಜಗಳ ಬೆಳಗ್ಗೆಯೇ ತೀರಿಹೋಗುತ್ತದೆ. ಒಕ್ಕಣೆಯ ವಿಷಯದಲ್ಲಿ ಇನ್ನೊಂದು ಮಾತು. ರಾಗಿಯ ತೆನೆಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ ಹೋಗಿಬರುವ ವಾಹನಗಳಿಂದ ತುಳಿಸುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಬೆಳೆದುಬಿಟ್ಟಿದೆ. ಬೈಕಿನ ಸವಾರರು ಅದರ ಮೇಲೆ ಜಾರಿ ಬಿದ್ದು ಪ್ರಾಣಕ್ಕೆ ಅಪಾಯ ತಂದುಕೊಳ್ಳುತ್ತಾರೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಒಕ್ಕಣೆಯ ಕಣ ಕಟ್ಟಿಸಿಕೊಳ್ಳಲು ಅವಕಾಶವಿದ್ದುದರಿಂದ ಎಷ್ಟೋ ಕಡೆ ಕಾಂಕ್ರೀಟಿನ ಕಣಗಳು ಎದ್ದಿವೆ. ನೆರೆಯವನ ಕಣವನ್ನು ಎರಡು ದಿನಕ್ಕೆ ಕೇಳಿ ಪಡೆಯುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಔಷಧಿ ಹೊಡೆಯುವ ಸ್ಪ್ರೇಯರಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಏಕೆಂದರೆ ಎರವಲು ಕೊಡುವ ವಸ್ತುಗಳಲ್ಲಿ ಇದರಷ್ಟು ಹಾನಿ ಮಾಡಬಲ್ಲದು ಬೇರೊಂದಿಲ್ಲ. ಮುಂಗಾರಿಗೆ ಮುಂಚೆ ಬೇಲೂರಿನ ಕಡೆಯ ಕಾಫಿ, ಅಡಿಕೆ ತೋಟಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿಸಿ ಮಾಡಿದ ಈ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ; ಆದುದರಿಂದ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿಯೇ ಕಲಸತಕ್ಕದ್ದು, ಕೆಲಸ ಮುಗಿದೊಡನೆ ಯಂತ್ರವನ್ನೂ ಪೈಪನ್ನೂ ನಳಿಕೆಯನ್ನೂ ಶುದ್ಧವಾದ ನೀರಿನಿಂದ ತೊಳೆಯತಕ್ಕದ್ದು. ಇದಕ್ಕಿಂತ ಗಂಭೀರವಾದುದು ಕಳೆನಾಶಕದ ಸಂಗತಿ. ಜೋಳದ ಹೊಲದಲ್ಲಿ ಅಗಲ ಎಲೆಯ ಕಳೆಗೆ ಹೊಡೆದ ಔಷಧಿಯ ಶೇಷ ಟ್ಯಾಂಕಿನಲ್ಲಿ ಅಲ್ಪಸ್ವಲ್ಪ ಉಳಿದಿದ್ದರೂ, ಮರುದಿನ ಅದೇ ಟ್ಯಾಂಕಿನಿಂದ ಮೆಣಸಿನಕಾಯಿಗೋ ಟೊಮೇಟೊಗೋ ಹೊಡೆದವನ ಗಿಡಗಳು ಸುರುಟಿಹೋಗುತ್ತವೆ. ಹತ್ತು ಮನೆಯವರು ಕೂಡಿ ಸ್ಪ್ರೇಯರು ಕೊಳ್ಳುವುದಾದರೆ ಒಂದರ ಬದಲು ಎರಡನ್ನು ಕೊಂಡು, ಕಳೆನಾಶಕದ್ದಕ್ಕೆ ಕೆಂಪು ಬಣ್ಣ ಬಳಿದು, ಅದನ್ನು ಬೇರೆ ಯಾವ ಕೆಲಸಕ್ಕೂ ಕೊಡದಿರುವುದು ಕ್ಷೇಮ. ಶುಂಠಿ ಬೆಳೆದ ಹೊಲದಲ್ಲಿ ದುಡಿದ ಗುದ್ದಲಿ, ಟಿಲ್ಲರುಗಳಿಗೂ ಇಂಥದೇ ಎಚ್ಚರಿಕೆ ಬೇಕು. ಕೊಳೆರೋಗದ ಬೀಜ ಮಣ್ಣಿನಲ್ಲಿಯೇ ಇರುತ್ತದೆ. ರೋಟವೇಟರಿನ ಹಲ್ಲುಗಳಿಗೆ ಅಂಟಿದ ಹಿಡಿ ಮಣ್ಣು ಅದನ್ನು ಪಕ್ಕದ ಊರಿಗೆ ಮುಟ್ಟಿಸುತ್ತದೆ. ತೊಳೆಯದ ಯಂತ್ರವನ್ನು ಹೊಲಕ್ಕಿಳಿಸಲು ಒಪ್ಪದಿರುವ ಹಕ್ಕು ಬಾಡಿಗೆ ಕೊಡುವ ರೈತನಿಗೆ ಉಂಟು. ಅವನು ಅದನ್ನು ದಾಕ್ಷಿಣ್ಯವಿಲ್ಲದೆ ಚಲಾಯಿಸಬೇಕು.

ಎರವಲು ಬಾಡಿಗೆಗಳ ನ್ಯಾಯ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎರವಲು ತಂದುದನ್ನೂ ಬಾಡಿಗೆಗೆ ತಂದುದನ್ನೂ ಯಾವ ಸ್ಥಿತಿಯಲ್ಲಿ ಪಡೆದರೋ ಅದೇ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂಬ ವಿಧಿಯಿದೆ; ವಸ್ತುವಿನ ಸ್ವಂತ ದೋಷದಿಂದಲೋ ಅನಿರೀಕ್ಷಿತ ವಿಪತ್ತಿನಿಂದಲೋ ಅದು ನಾಶವಾದರೆ ತಂದವನು ತೆರಬೇಕಾಗಿಲ್ಲವೆಂಬ ವಿನಾಯಿತಿಯೂ ಇದೆ. ಇಂದು ನಮಗೆ ಅನ್ವಯಿಸುವುದು 1872ರ ಭಾರತೀಯ ಕರಾರು ಅಧಿನಿಯಮ. ಅದರ 148ನೆಯ ಪ್ರಕರಣದಿಂದ ಮುಂದಕ್ಕೆ ಈ ವಿಷಯ ಬರುತ್ತದೆ. ಮುಖ್ಯವಾದ ನಾಲ್ಕಾರು ಅಂಶಗಳನ್ನು ಪ್ರತಿಯೊಬ್ಬನೂ ತಿಳಿದಿರುವುದು ಲೇಸು. ತನ್ನ ಸ್ವಂತ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬನು ಎಷ್ಟು ಜಾಗ್ರತೆಯಿಂದ ನೋಡಿಕೊಳ್ಳುತ್ತಾನೋ ಅಷ್ಟು ಜಾಗ್ರತೆಯಿಂದ ತಂದವನು ನೋಡಿಕೊಳ್ಳಬೇಕು. ಹಾಗೆ ನೋಡಿಕೊಂಡೂ ಹಾನಿಯಾದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅವನು ಹೊಣೆಯಲ್ಲ. ಪುಕ್ಕಟೆ ಕೊಡುವವನು ತನಗೆ ತಿಳಿದ ದೋಷವನ್ನು ಮುಚ್ಚಿಡಬಾರದು. ಬಾಡಿಗೆಗೆ ಕೊಡುವವನ ಹೊಣೆ ಇನ್ನೂ ಹಿರಿದು: ದೋಷ ಅವನಿಗೆ ತಿಳಿದಿರಲಿ, ತಿಳಿಯದಿರಲಿ, ಅದರಿಂದಾದ ಹಾನಿಗೆ ಅವನೇ ಉತ್ತರವಾದಿ. ಕಾಲು ಸಡಿಲವಾದ ಏಣಿಯನ್ನು ಬಾಡಿಗೆಗೆ ಕೊಟ್ಟವನು, ಸಡಿಲವೆಂದು ನನಗೇ ಗೊತ್ತಿರಲಿಲ್ಲವೆಂದು ಹೇಳಿ ಪಾರಾಗುವಂತಿಲ್ಲ.

ತಂದವನು ಒಪ್ಪಿದ ಉಪಯೋಗವನ್ನು ಮೀರಿದರೆ ಕಾನೂನು ಕಠಿಣವಾಗುತ್ತದೆ. ತನ್ನ ಸವಾರಿಗೆಂದು ಮಾತ್ರ ಪಡೆದ ಕುದುರೆಯನ್ನು ಮನೆಯ ಇನ್ನೊಬ್ಬನಿಗೆ ಕೊಟ್ಟು, ಅವನು ಜಾಗ್ರತೆಯಿಂದಲೇ ಓಡಿಸಿದರೂ ಅದು ಅಕಸ್ಮಾತ್ತಾಗಿ ಬಿದ್ದು ಗಾಯಗೊಂಡರೆ, ಪಡೆದವನೇ ನಷ್ಟ ಕಟ್ಟಿಕೊಡಬೇಕೆಂಬ ಉದಾಹರಣೆ ಅಧಿನಿಯಮದಲ್ಲಿಯೇ ಇದೆ. ನೆರೆಯವನ ಡ್ರಿಲ್ಲಿಂಗ್ ಯಂತ್ರವನ್ನು ಭಾವಮೈದುನನ ಕೈಗೆ ದಾಟಿಸುವ ಮುಂಚೆ ಆ ಕುದುರೆಯನ್ನು ಸ್ಮರಿಸುವುದು ಒಳ್ಳೆಯದು. ಗೊತ್ತಾದ ದಿನಕ್ಕೆ ಹಿಂದಿರುಗಿಸದಿದ್ದರೆ, ಆಮೇಲಾಗುವ ಯಾವ ನಷ್ಟಕ್ಕಾದರೂ ಇಟ್ಟುಕೊಂಡವನೇ ಹೊಣೆ. ಇನ್ನೊಂದು ಉದಾಹರಣೆ ನಮ್ಮ ರೈತರಿಗೆ ಬಹು ಹತ್ತಿರದ್ದು. ಒಬ್ಬನ ವಶದಲ್ಲಿ ಬಿಟ್ಟ ಹಸು ಕರು ಹಾಕಿದರೆ, ಹಸುವಿನೊಡನೆ ಕರುವನ್ನೂ ಒಡೆಯನಿಗೆ ಒಪ್ಪಿಸಬೇಕು ಎಂದು 163ನೆಯ ಪ್ರಕರಣ ವಿಧಿಸುತ್ತದೆ. ನಮ್ಮ ಹಳ್ಳಿಗಳಲ್ಲಿಯಾದರೋ ಕಡಸನ್ನು ವಾರಕ್ಕೆ ಸಾಕಲು ಕೊಟ್ಟು, ಹುಟ್ಟಿದ ಕರುಗಳಲ್ಲಿ ಪಾಲು ಮಾಡಿಕೊಳ್ಳುವ ರೂಢಿಯಿದೆ. ಕಾನೂನು ಈ ರೂಢಿಗೆ ಅಡ್ಡಬರುವುದಿಲ್ಲ, ಏಕೆಂದರೆ ಬೇರೆ ಕರಾರಿದ್ದರೆ ಆ ಕರಾರೇ ನಡೆಯುತ್ತದೆ. ಆದರೆ ಆ ಕರಾರು ಇತ್ತೆಂಬುದನ್ನು ತೋರಿಸಲು ಇಬ್ಬರ ರುಜು ಬಿದ್ದ ಒಂದು ಚೀಟಿಯಿಲ್ಲದಿದ್ದರೆ, ವರ್ಷಗಟ್ಟಲೆ ಹುಲ್ಲು ಹಾಕಿ ಸಾಕಿದವನ ಕೈ ಬರಿದಾಗುವ ಸಂಭವವುಂಟು. ಆ ಚೀಟಿಯಲ್ಲಿ ಬರೆಯಬೇಕಾದುದು ಬಹಳವಿಲ್ಲ: ವಸ್ತು ಯಾವುದು, ಈಗಿನ ಸ್ಥಿತಿ ಹೇಗಿದೆ, ಎಂದಿನಿಂದ ಎಂದಿನವರೆಗೆ, ಬಾಡಿಗೆ ಮತ್ತು ಠೇವಣಿ ಎಷ್ಟು, ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು, ಬೇರೆಯವರಿಗೆ ಕೊಡಬಹುದೋ ಕೊಡಬಾರದೋ.

ವಾಹನಗಳ ವಿಷಯ ಇನ್ನೂ ಸೂಕ್ಷ್ಮ. ಬೇಲೂರು ಹಳೇಬೀಡುಗಳನ್ನು ನೋಡಲು ಬಾಡಿಗೆಯ ಕಾರನ್ನೋ ಬೈಕನ್ನೋ ಸ್ವತಃ ಓಡಿಸಿಕೊಂಡು ಹೋಗಬಯಸುವವರು, ಅದಕ್ಕೆ ಹಳದಿ ಅಕ್ಷರಗಳುಳ್ಳ ಕಪ್ಪು ನಂಬರ್ ಪ್ಲೇಟಿದೆಯೇ ಎಂದು ನೋಡಿಕೊಳ್ಳಬೇಕು. ಸ್ವಂತ ಉಪಯೋಗಕ್ಕೆಂದು ನೋಂದಾಯಿಸಿದ ಬಿಳಿಯ ಪ್ಲೇಟಿನ ವಾಹನವನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯವರು ಕೈಬಿಡಬಹುದು. ಪಕ್ಕದ ಮನೆಯ ಹುಡುಗನಿಗೆ ಪ್ರೀತಿಯಿಂದ ಸ್ಕೂಟರ್ ಕೊಡುವವರೂ ಒಂದು ಕ್ಷಣ ಯೋಚಿಸಲಿ. ಅಪ್ರಾಪ್ತ ವಯಸ್ಕನು ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಂತೆ ವಾಹನದ ಒಡೆಯನಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆವಾಸವೂ ವಿಧಿಸಲ್ಪಡಬಹುದು.

ಗಾಲಿಕುರ್ಚಿ, ವಾಕರು, ರೋಗಿಯ ಮಂಚ ಇವು ಬಾಡಿಗೆಗೂ ಎರವಲಿಗೂ ಅತ್ಯಂತ ಯೋಗ್ಯವಾದ ವಸ್ತುಗಳು, ಏಕೆಂದರೆ ಇವುಗಳ ಅಗತ್ಯ ಕೆಲವೇ ವಾರಗಳದು. ತಂದೊಡನೆ ಸೋಪಿನ ನೀರಿನಿಂದ ತೊಳೆಯಬೇಕು. ಊರುಗೋಲಿನ ತುದಿಯ ರಬ್ಬರು ಸವೆದಿದ್ದರೆ ಹೊಸದು ಹಾಕಿಸಬೇಕು, ನಯವಾದ ಟೈಲ್ಸಿನ ನೆಲದ ಮೇಲೆ ಅದು ಜಾರಿದರೆ ಮುರಿದ ಕಾಲು ಮತ್ತೆ ಮುರಿಯುತ್ತದೆ. ಮಿಕ್ಕುಳಿದ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ಹಂಚಿಕೊಳ್ಳಬಾರದು.

ಇನ್ನು, ಊರಿನಲ್ಲಿ ಹೊಸದಾಗಿ ಇಂಥ ಒಂದು ಪದಾರ್ಥ ಭಂಡಾರವನ್ನು ಆರಂಭಿಸಬೇಕೆಂದು ಮನಸ್ಸು ಮಾಡುವವರಿಗೆ. ಅಮೆರಿಕದ ಬರ್ಕಲಿ ನಗರದ ಸಾರ್ವಜನಿಕ ಗ್ರಂಥಾಲಯ 1979ರಿಂದ ಪುಸ್ತಕಗಳಂತೆ ಗರಗಸ, ಏಣಿ, ಗುದ್ದಲಿಗಳನ್ನೂ ಎರವಲು ಕೊಡುತ್ತ ಬಂದಿದೆ. ನಮ್ಮಲ್ಲಿಯೂ ಆಧಾರವಾಗಬಲ್ಲ ಸಂಸ್ಥೆಗಳಿಗೆ ಕೊರತೆಯಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ತರುವಾಯ ಹರಡಿದ ಗ್ರಂಥಾಲಯಗಳು ಇಂದು ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಾಗಿವೆ. ಎರವಲಿನ ರಿಜಿಸ್ಟರು ಇಡುವ ಅಭ್ಯಾಸ ಅಲ್ಲಿ ಆಗಲೇ ಇದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದ ಪರಂಪರೆ ನಮ್ಮ ಊರೂರಲ್ಲಿಯೂ ಕವಲೊಡೆದಿದೆ. ಸ್ತ್ರೀಶಕ್ತಿ ಸಂಘಗಳ ಹೆಂಗಸರು ವಾರವಾರ ಕೂಡಿ ಲೆಕ್ಕ ನೋಡುವವರು. ನನ್ನನ್ನು ಕೇಳಿದರೆ ಈ ಕೆಲಸಕ್ಕೆ ಅವರೇ ಮಿಗಿಲು. ಪಾತ್ರೆ, ಟಾರ್ಪಾಲು, ಏಣಿಗಳ ಒಳಹೊರಗು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಮೊದಲ ವರ್ಷ ಹತ್ತು ವಸ್ತುಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಹೊಸದನ್ನು ಕೊಳ್ಳುವುದಕ್ಕೆ ಮುಂಚೆ ಯಾರ ಅಟ್ಟದಲ್ಲಿ ಏನಿದೆಯೆಂದು ಕೇಳಬೇಕು. ಕೊಟ್ಟವರಿಗೆ ವರ್ಷದ ಶುಲ್ಕ ಬಿಡಬೇಕು. ಭಂಡಾರದ ಬಾಗಿಲು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ತೆರೆದಿರಲಿ, ಬೀಗದ ಕೈ ಒಬ್ಬರದೇ ವಶದಲ್ಲಿರಲಿ, ಅವರಿಗೆ ತಿಂಗಳಿಗಿಷ್ಟೆಂದು ಸಂಭಾವನೆ ಇರಲಿ. ಸಂಗ್ರಹವಾದ ಬಾಡಿಗೆಯಲ್ಲಿ ಮೂರನೆಯ ಒಂದು ಪಾಲನ್ನು ರಿಪೇರಿಗೆಂದು ಬೇರೆಯೇ ತೆಗೆದಿಡಬೇಕು. ಲಾಭವೆಂದು ಭಾವಿಸಿ ಅದನ್ನು ಯುಗಾದಿಗೆ ಹಂಚಿಕೊಂಡ ಭಂಡಾರಕ್ಕೆ ಮುಂದಿನ ಯುಗಾದಿಯ ಹೊತ್ತಿಗೆ ಕೊಡಲು ಸಾಮಾನಿರುವುದಿಲ್ಲ. ಹಿಂದಿರುಗಿ ಬಂದ ವಸ್ತುವನ್ನು ತಂದವರ ಎದುರಿನಲ್ಲಿಯೇ ನೋಡಿ, ಸ್ಥಿತಿಯನ್ನು ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಠೇವಣಿಯನ್ನು ಕೊಡತಕ್ಕದ್ದು. ಮಳೆಗಾಲದಲ್ಲಿ ಒದ್ದೆಯ ಟಾರ್ಪಾಲನ್ನು ಹಾಗೆಯೇ ಮಡಿಸಿ ತಂದವರಿಂದ ಅದನ್ನು ಪಡೆಯದೆ, ಹರಡಿ ಒಣಗಿಸಿ ನಾಳೆ ತನ್ನಿರೆಂದು ಹೇಳಿ ಕಳುಹಿಸಬೇಕು. ಆ ಒಂದು ದಿನಕ್ಕೆ ಬಾಡಿಗೆ ಹಿಡಿಯಬೇಕಾಗಿಲ್ಲ.